ನಲ್ಲಿ ನೀರಿಲ್ಲದ ಮೊಕ್ಕಿಯಲ್ಲಿ ಒಂದು ವಾರ: ಮನೆಗಿಂತ ಮೊದಲು ಅಂಗಳ ನೋಡಿ

ಪ್ರಶ್ನೆ: ನಮ್ಮ ಮಗ ಫಿನ್‌ಲೆಂಡಿನ ಎಸ್ಪೊದಲ್ಲಿ ಕೆಲಸದಲ್ಲಿದ್ದಾನೆ. ಈ ಬೇಸಿಗೆಗೆ ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ. ಜುಲೈನಲ್ಲಿ ಒಂದು ವಾರ ಸೈಮಾ ಸರೋವರದ ದಡದಲ್ಲಿ ಹಳೆಯ ಮರದ ಮನೆಯೊಂದನ್ನು ಬಾಡಿಗೆಗೆ ಹಿಡಿಯೋಣ ಅನ್ನುತ್ತಾನೆ. ಅದನ್ನು ಮೊಕ್ಕಿ ಅಂತಾರಂತೆ. ಅಲ್ಲಿ ನಲ್ಲಿ ಇಲ್ಲ. ಶೌಚಾಲಯ ಹೊರಗೆ. ಕರೆಂಟು ಅಂದರೆ ಸೋಲಾರ್ ದೀಪ ಅಷ್ಟೆ. ನನಗೆ 66, ನನ್ನ ಮನೆಯವರಿಗೆ 61. ಅವರಿಗೆ ಬಿಪಿ ಇದೆ, ಮಂಡಿ ನೋವೂ ಇದೆ. ಮೊಮ್ಮಗಳಿಗೆ ನಾಲ್ಕು ವರ್ಷ. ನಾವು ಸಸ್ಯಾಹಾರಿಗಳು. ದುಡ್ಡು ಕೊಟ್ಟು ಇಷ್ಟೆಲ್ಲ ಕಷ್ಟ ಯಾಕೆ ಪಡಬೇಕು ಅಂತ ಮನೆಯವರು ಕೇಳುತ್ತಿದ್ದಾರೆ. ಸಂಜೆ ದೇವರ ದೀಪ ಹಚ್ಚಬಹುದಾ ಅಂತಲೂ ಅವರ ಪ್ರಶ್ನೆ. ದಯವಿಟ್ಟು ತಿಳಿಸಿ.
ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಮೇಷ್ಟ್ರೇ, ಹೋಗಿ. ನಿಮ್ಮ ವಯಸ್ಸಿಗೆ, ಮನೆಯವರ ಮಂಡಿಗೆ ಒಗ್ಗುವ ಮೊಕ್ಕಿ ಖಂಡಿತ ಸಿಗುತ್ತದೆ. ಮಗ ನೋಡಿಟ್ಟಿರುವುದು ಅಂಥದ್ದೇ ಹೌದಾ ಅನ್ನುವುದು ಫೋಟೊ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೆ ಮನೆಯ ಮಾಲೀಕರನ್ನು ಕೆಲವು ಪ್ರಶ್ನೆ ಕೇಳಬೇಕು. ಆ ಪ್ರಶ್ನೆಗಳನ್ನೇ ಮುಂದೆ ಹೇಳುತ್ತೇನೆ.

ನಾನು ಸಾಗರದ ಕಡೆಯವಳು. ಸೈಮಾ ಸೀಮೆಯ ಮಿಕ್ಕೆಲಿ ಊರಿಗೆ ಬಂದು 15 ವರ್ಷವಾಯಿತು. ಬಾಡಿಗೆ ಮೊಕ್ಕಿಗಳಿಗೆ ಬರುವವರಿಗೆ ಜಾಗ ತೋರಿಸುವುದು, ಒಲೆ ಹಚ್ಚುವುದನ್ನು ಕಲಿಸುವುದು, ಕೀಲಿ ಕೊಟ್ಟು ಬರುವುದು ನನ್ನ ಬೇಸಿಗೆಯ ಕೆಲಸ. ನಮ್ಮ ಕಡೆಯ ಎಷ್ಟೋ ಅಪ್ಪ ಅಮ್ಮಂದಿರನ್ನು ಹೀಗೆ ಬಿಟ್ಟು ಬಂದಿದ್ದೇನೆ. ಯಾರಿಗೆ ಖುಷಿಯಾಯಿತು, ಯಾರು ಮೂರನೇ ದಿನಕ್ಕೇ ವಾಪಸ್ಸು ಹೊರಟರು ಅನ್ನುವುದನ್ನು ನೋಡಿದ್ದೇನೆ. ವ್ಯತ್ಯಾಸ ಬರುವುದು ಬಹುಮಟ್ಟಿಗೆ ಒಂದೇ ಕಡೆ. ಖುಷಿಪಟ್ಟವರು ಮೊಕ್ಕಿಯನ್ನು ಅಂಗಳ ಅಂದುಕೊಂಡು ಹೋಗಿದ್ದರು. ಬೇಸರಪಟ್ಟವರು ಅದನ್ನು ಒಂದು ಮನೆ ಅಂದುಕೊಂಡಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಕಾಲದ ಮೊಕ್ಕಿ ಅಂದರೆ ಒಂದು ಕಟ್ಟಡ ಅಲ್ಲ. ನಾಲ್ಕೈದು ಪುಟ್ಟ ಕಟ್ಟಡಗಳಿರುವ ಅಂಗಳ. ನಡುವೆ ದಪ್ಪ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದ ಮನೆ. ಅದರೊಳಗೆ ತುಪಾ ಅನ್ನುವ ಒಂದೇ ದೊಡ್ಡ ಕೋಣೆ. ಒಲೆ, ಊಟದ ಮೇಜು, ಮಂಚ ಎಲ್ಲ ಅಲ್ಲೇ. ದಿಮ್ಮಿಗಳ ಸಂದಿಗೆ ಹಿಂದೆ ಒಣಗಿದ ಪಾಚಿ ತುರುಕುತ್ತಿದ್ದರು. ಪಕ್ಕದಲ್ಲಿ ಐತ್ತಾ ಅಂತ ಒಂದು ಸಣ್ಣ ಕಟ್ಟಡ. ಅದು ಮೊದಲು ನಮ್ಮ ಕಣಜದ ಹಾಗೆ ಧಾನ್ಯ, ಬಟ್ಟೆ ಇಡುವ ಜಾಗ. ಒಳಗೆ ಒಲೆ ಇರುವುದಿಲ್ಲ. ಬೇಸಿಗೆಯಲ್ಲಿ ಮನೆಯ ಹುಡುಗ ಹುಡುಗಿಯರು ಅಲ್ಲಿ ಮಲಗುತ್ತಿದ್ದರು. ಈಗ ನೆಂಟರಿಗೆ ಅಲ್ಲಿ ಹಾಸಿಗೆ ಹಾಸುತ್ತಾರೆ. ಆಮೇಲೆ ಲೀತೆರಿ, ಅಂದರೆ ಸೌದೆ ಕೊಟ್ಟಿಗೆ. ಮರಗಳ ಮರೆಯಲ್ಲಿ ಹೂಸ್ಸಿ, ಅಂದರೆ ಹೊರಗಿನ ಶೌಚಾಲಯ. ಬಾವಿ. ನೀರಿನ ಅಂಚಿಗೆ ಸೌನಾ, ಅಂದರೆ ಕಾದ ಕಲ್ಲಿನ ಹಬೆಯಲ್ಲಿ ಕೂರುವ ಸ್ನಾನದ ಮನೆ. ಸೌನಾದ ಮುಂದೆ ನೀರಿನೊಳಕ್ಕೆ ಚಾಚಿರುವ ಮರದ ಕಟ್ಟೆ, ಒಂದು ಹುಟ್ಟು ದೋಣಿ.

ದಿನ ಕಳೆಯುವುದು ಈ ಕಟ್ಟಡಗಳ ನಡುವೆ ಓಡಾಡುತ್ತಲೇ. ಬಕೆಟ್ ಹಿಡಿದು ಬಾವಿಗೆ. ಬುಟ್ಟಿ ಹಿಡಿದು ಸೌದೆಗೆ. ಪಾತ್ರೆ ಹಿಡಿದು ಮನೆಗೆ. ದುಡ್ಡು ಕೊಟ್ಟು ಕಷ್ಟ ಯಾಕೆ ಅನ್ನುವ ನಿಮ್ಮ ಮನೆಯವರ ಪ್ರಶ್ನೆ ತುಂಬಾ ಸರಿಯಾದ ಪ್ರಶ್ನೆ. ಇಲ್ಲಿಯವರು ಪಟ್ಟಣದ ಮನೆಯಲ್ಲಿ ಗುಂಡಿ ಒತ್ತಿ ಮುಗಿಸುವ ಕೆಲಸವನ್ನು ಮೊಕ್ಕಿಯಲ್ಲಿ ಕೈಯಾರೆ ಮಾಡಲೆಂದೇ ಬರುತ್ತಾರೆ. ಇಡೀ ದೇಶದ ಜನಸಂಖ್ಯೆ ಸುಮಾರು 56 ಲಕ್ಷ. ಬೇಸಿಗೆ ಮೊಕ್ಕಿಗಳು 5 ಲಕ್ಷಕ್ಕೂ ಜಾಸ್ತಿ. 1960 ಮತ್ತು 70ರ ದಶಕಗಳಲ್ಲಿ ಜನ ಹಳ್ಳಿ ಬಿಟ್ಟು ಕೆಲಸ ಹುಡುಕಿಕೊಂಡು ದಕ್ಷಿಣದ ಪಟ್ಟಣಗಳಿಗೂ ಸ್ವೀಡನ್ನಿಗೂ ಹೋದರು. ಅಜ್ಜ ಅಜ್ಜಿಯ ಮನೆಗಳು ಖಾಲಿಯಾದವು. ಮಕ್ಕಳು ಎಷ್ಟೋ ಮನೆಗಳನ್ನು ಮಾರದೆ ರಜೆಗೆ ಬಂದು ಹೋಗುವ ಮನೆ ಮಾಡಿಕೊಂಡರು. ಅಜ್ಜ ನೀರು ಸೇದಿದ ಬಾವಿಯಲ್ಲಿ ತಾನೂ ನೀರು ಸೇದುವ ಆಸೆ ಅವರಿಗೆ. ನಮ್ಮಲ್ಲೂ ಬೆಂಗಳೂರಿನಿಂದ ಊರಿನ ಮನೆಗೆ ಬಂದವರು ಹಂಡೆ ಒಲೆಯ ಮುಂದೆ ಕೂತು ಸುಮ್ನೆ ಬೆಂಕಿ ನೋಡುತ್ತಾರಲ್ಲ, ಹಾಗೆ.

ಆದ್ದರಿಂದ ಮಗನಿಗೆ ಹೀಗೆ ಹೇಳಿ. ಮನೆ ಚೆನ್ನಾಗಿದೆಯಾ ಅಂತ ಕೇಳಬೇಡ. ಮನೆಯಿಂದ ಸೌನಾಕ್ಕೆ ಎಷ್ಟು ಹೆಜ್ಜೆ, ಹೂಸ್ಸಿಗೆ ಎಷ್ಟು, ಬಾವಿಗೆ ಎಷ್ಟು, ದಾರಿ ಸಮವಾಗಿದೆಯಾ ಇಳಿಜಾರಾ ಅಂತ ಕೇಳು. ಸೈಮಾ ದಡ ಬಹಳ ಕಡೆ ಬಂಡೆ. ಮನೆ ಮೇಲೆ, ಸೌನಾ ಕೆಳಗೆ, ನಡುವೆ ಮರದ ಮೆಟ್ಟಿಲು. ಮಳೆ ಬಂದರೆ ಆ ಮೆಟ್ಟಿಲು ಜಾರುತ್ತದೆ. ಮಂಡಿ ನೋವಿರುವವರಿಗೆ ತೊಂದರೆ ಬರುವುದು ಇಲ್ಲೇ. ಹೂಸ್ಸಿಯಿಂದ ಅಲ್ಲ, ನಲ್ಲಿ ಇಲ್ಲ ಅನ್ನುವುದರಿಂದಲೂ ಅಲ್ಲ. ದಾರಿ ಸಮವಾಗಿದ್ದು, ಕಟ್ಟಡಗಳು ಐವತ್ತು ಹೆಜ್ಜೆಯೊಳಗೆ ಇದ್ದರೆ ಅದೇ ಮನೆ ಹಿಡಿಯಿರಿ. ಕಡಿದಾದ ಮೆಟ್ಟಿಲಿದ್ದರೆ ಎಷ್ಟೇ ಚಂದದ ಜಾಗವಾದರೂ ಬೇಡ.

ಬಾಡಿಗೆ ಜಾಹೀರಾತಿನಲ್ಲಿ ಕೆಲವು ಪದ ಬರುತ್ತವೆ. ಕಂತೊವೆಸಿ ಅಂದರೆ ಹೊತ್ತು ತರುವ ನೀರು. ಬಾವಿ ಇದೆಯಾ, ಅದು ಕುಡಿಯುವ ನೀರಾ, ಇಲ್ಲ ಕ್ಯಾನಿನಲ್ಲಿ ತರಬೇಕಾ ಅಂತ ಕೇಳಿ. ಲೀನವಾತ್ತೇತ್ ಅಂದರೆ ಹಾಸಿಗೆ ಬಟ್ಟೆ. ಅದು ಸಾಮಾನ್ಯವಾಗಿ ಬಾಡಿಗೆಯಲ್ಲಿ ಸೇರಿರುವುದಿಲ್ಲ, ಮನೆಯಿಂದಲೇ ತೆಗೆದುಕೊಂಡು ಹೋಗಬೇಕು. ಲೊಪ್ಪುಸೀವೊಸ್ ಅಂದರೆ ಕೊನೆಯ ದಿನದ ಸ್ವಚ್ಛತೆ. ನೀವೇ ಮಾಡಿ ಹೊರಡಬೇಕು, ಇಲ್ಲವೇ ಬೇರೆ ದುಡ್ಡು ಕೊಡಬೇಕು. ಜುಲೈ ವಾರಗಳನ್ನು ಬಹಳ ಮಾಲೀಕರು ಶನಿವಾರದಿಂದ ಶನಿವಾರಕ್ಕೆ ಕೊಡುತ್ತಾರೆ. ಜುಲೈನಲ್ಲಿ ಬಾಡಿಗೆಯೂ ಜಾಸ್ತಿ.

ನನ್ನನ್ನು ಕೇಳಿದರೆ ಆಗಸ್ಟ್ ನಡುವಿನ ಮೇಲೆ ಹೋಗಿ. ಅಷ್ಟರಲ್ಲಿ ಶಾಲೆ ಶುರುವಾಗಿ ಬಾಡಿಗೆ ಇಳಿದಿರುತ್ತದೆ. ಸೊಳ್ಳೆ ಕಡಿಮೆ. ನೀರು ಇನ್ನೂ ಬೆಚ್ಚಗಿರುತ್ತದೆ. ರಾತ್ರಿ ಕತ್ತಲಾಗುವುದರಿಂದ ನಕ್ಷತ್ರ ಕಾಣುತ್ತವೆ. ಜುಲೈ ಶುರುವಿನಲ್ಲಿ ಸೈಮಾದಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತೂವರೆ ಹೊತ್ತಿಗೆ. ಆಮೇಲೂ ಪೂರ್ತಿ ಕತ್ತಲಿಲ್ಲ. ನಾಲ್ಕು ವರ್ಷದ ಮಗು ಬೆಳಕಿದೆ ಅಂತ ಮಲಗುವುದೇ ಇಲ್ಲ. ಜುಲೈನಲ್ಲೇ ಹೋಗುವುದಾದರೆ ಕಿಟಕಿಗೆ ಹಾಕಲು ಒಂದು ದಪ್ಪ ಕಪ್ಪು ಬಟ್ಟೆ ಇಟ್ಟುಕೊಳ್ಳಿ.

ಈಗ ಸೌನಾ. ಇದು ಮೊಕ್ಕಿಯ ಜೀವ. ಹಿಂದೆ ಹೊಸದಾಗಿ ಕಾಡು ಕಡಿದು ನೆಲೆ ನಿಂತವರು ಮೊದಲು ಸೌನಾ ಕಟ್ಟುತ್ತಿದ್ದರು. ಮನೆ ಏಳುವ ತನಕ ಅದರಲ್ಲೇ ವಾಸ. ಹೆರಿಗೆ ಆಗುತ್ತಿದ್ದುದು ಸೌನಾದಲ್ಲಿ, ಸತ್ತವರನ್ನು ತೊಳೆಯುತ್ತಿದ್ದುದೂ ಸೌನಾದಲ್ಲೇ. ಫಿನ್‌ಲೆಂಡಿನ ಸೌನಾ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಲ್ಲಿ ಇಲ್ಲದ ಮೊಕ್ಕಿಯಲ್ಲಿ ಸೌನಾವೇ ನಿಮ್ಮ ಸ್ನಾನದ ಮನೆ. ಒಳಗೆ ಕಲ್ಲು ತುಂಬಿದ ಕಬ್ಬಿಣದ ಒಲೆ ಇರುತ್ತದೆ. ಪಕ್ಕದಲ್ಲಿ ನೀರು ಕಾಯಿಸುವ ಪಾತ್ರೆ. ಬಿಸಿನೀರು, ಕೆರೆಯ ತಣ್ಣೀರು ಬೆರೆಸಿ ತಂಬಿಗೆಯಲ್ಲಿ ಮೈಮೇಲೆ ಸುರಿದುಕೊಳ್ಳುವುದು. ಷವರ್ ಮಾತ್ರ ನೋಡಿ ಬೆಳೆದವರಿಗೆ ಇದನ್ನು ಕಲಿಸಬೇಕಾಗುತ್ತದೆ. ನಿಮಗೆ ಬೇಕಿಲ್ಲ. ಮಲೆನಾಡಿನ ಬಚ್ಚಲುಮನೆಯಲ್ಲಿ ಬೆಳೆದ ನನಗೆ ಮೊದಲ ದಿನವೇ ಇದು ನಮ್ಮದೇ ಅನ್ನಿಸಿತ್ತು.

ಬಿಪಿ ಇರುವವರು ಹೋಗುವ ಮುಂಚೆ ತಮ್ಮ ಡಾಕ್ಟರನ್ನು ಕೇಳಲೇಬೇಕು. ಒಪ್ಪಿದರೆ ಹೀಗೆ ಮಾಡಲಿ. ಸೌನಾದಲ್ಲಿ ಮೆಟ್ಟಿಲಿನ ಹಾಗೆ ಹಲಗೆಗಳಿರುತ್ತವೆ. ಮೇಲೆ ಹೋದಷ್ಟೂ ಬಿಸಿ ಜಾಸ್ತಿ. ಮೇಲಿನ ಹಲಗೆಯಲ್ಲಿ 80 ಡಿಗ್ರಿ ಇದ್ದರೆ ಕೆಳಗೆ ಅದಕ್ಕಿಂತ ತುಂಬಾ ಕಡಿಮೆ. ಅವರು ಕೆಳಗಿನ ಹಲಗೆಯಲ್ಲಿ ಬಾಗಿಲ ಹತ್ತಿರ ಕೂರಲಿ. ಐದು ನಿಮಿಷ ಸಾಕು. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ನೀರು ಕುಡಿಯಲಿ. ಏಳುವಾಗ ನಿಧಾನ. ಬಿಸಿಯಿಂದ ನೇರ ತಣ್ಣೀರಿಗೆ ಇಳಿಯುವುದು ಅವರಿಗೆ ಬೇಡ. ಕಾದ ಕಲ್ಲಿನ ಮೇಲೆ ನೀರು ಹಾಕಿದಾಗ ಏಳುವ ಹಬೆಗೆ ಲೊಯ್ಲು ಅನ್ನುತ್ತಾರೆ. ಒಂದು ಸಣ್ಣ ಸೌಟು ಹಾಕಿ, ಉಸಿರಾಡಿ ನೋಡಿ, ಆಮೇಲೆ ಇನ್ನೊಂದು. ಜೊತೆಗಿದ್ದವರನ್ನು ಕೇಳಿಯೇ ಹಾಕುವುದು ಇಲ್ಲಿನ ಮರ್ಯಾದೆ. ಮಗುವನ್ನು ಸೌನಾ ಇನ್ನೂ ಪೂರ್ತಿ ಕಾಯದೆ ಇರುವಾಗಲೇ ಕರೆದುಕೊಂಡು ಹೋಗಿ, ಸ್ನಾನ ಮಾಡಿಸಿ, ಹೊರಗೆ ತನ್ನಿ.

ಬಟ್ಟೆಯ ವಿಷಯ ನೀವು ಕೇಳಿಲ್ಲ. ಆದರೂ ಎಲ್ಲರ ಮನಸ್ಸಿನಲ್ಲಿ ಇರುತ್ತದೆ. ಇಲ್ಲಿಯವರು ಬಟ್ಟೆ ಇಲ್ಲದೆ ಸೌನಾ ಮಾಡುತ್ತಾರೆ. ನೀವು ಬಾಡಿಗೆಗೆ ಹಿಡಿದ ಸೌನಾದಲ್ಲಿ ನಿಮ್ಮ ಮನೆಯವರಷ್ಟೇ ಇರುತ್ತಾರೆ. ಪಂಚೆ ಉಡಿ, ಟವೆಲ್ ಸುತ್ತಿಕೊಳ್ಳಿ, ಹೆಂಗಸರು ಮೊದಲು ಗಂಡಸರು ಆಮೇಲೆ ಅಂತ ಸರದಿ ಮಾಡಿಕೊಳ್ಳಿ. ಕೂರುವ ಹಲಗೆಯ ಮೇಲೆ ಒಂದು ಬಟ್ಟೆ ಹಾಸಿಕೊಳ್ಳಿ. ಒಂದನ್ನು ಮಾತ್ರ ಮರೆಯಬೇಡಿ. ಒದ್ದೆ ಟವೆಲ್ ಒಣಗಲಿ ಅಂತ ಒಲೆಯ ಮೇಲ್ಗಡೆ ನೇತು ಹಾಕಬಾರದು. ಸೌನಾಗಳು ಹೊತ್ತಿಕೊಳ್ಳುವುದು ಹೀಗೇ.

ಸೌದೆ ಒಲೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನಗೆ ಬಾಕಿ ಎಲ್ಲದಕ್ಕಿಂತ ಇದೇ ಮುಖ್ಯ. ನೀವು ಸೌದೆ ಒಲೆ ನೋಡಿದವರೇ. ನಮ್ಮ ಒಲೆಯ ಹೊಗೆ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಈ ಮನೆಗಳು ಚಳಿಗೆ ಕಟ್ಟಿದವು, ಗಾಳಿ ಆಡುವ ಸಂದಿ ಕಡಿಮೆ. ಒಲೆಯ ಚಿಮಣಿಯಲ್ಲಿ ಒಂದು ತಗಡಿನ ಮುಚ್ಚಳ ಇರುತ್ತದೆ, ಹೆಸರು ಪೆಲ್ತಿ. ಅದಕ್ಕೆ ಹಿಡಿ ಇರುತ್ತದೆ, ಎಳೆದರೆ ತೆರೆಯುತ್ತದೆ, ತಳ್ಳಿದರೆ ಮುಚ್ಚುತ್ತದೆ. ಬೆಂಕಿ ಹಚ್ಚುವ ಮುಂಚೆ ಅದನ್ನು ತೆರೆಯದಿದ್ದರೆ ಹೊಗೆ ಎಲ್ಲ ಮನೆಯೊಳಗೆ. ಅದು ಕಣ್ಣಿಗೆ ಕಾಣುತ್ತದೆ, ಬಾಗಿಲು ತೆಗೆದು ಹೊರಗೆ ಬರುತ್ತೀರಿ. ಅದು ಅಷ್ಟು ಭಯದ ಸಂಗತಿ ಅಲ್ಲ.

ಭಯ ಇರುವುದು ಮುಚ್ಚುವಾಗ. ಬಿಸಿ ಹೊರಗೆ ಹೋಗದಿರಲಿ ಅಂತ ಕೆಂಡ ಇನ್ನೂ ಉರಿಯುತ್ತಿರುವಾಗಲೇ ಪೆಲ್ತಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಕೋಣೆಗೆ ಬರುತ್ತದೆ. ಇಲ್ಲಿ ಅದಕ್ಕೆ ಹ್ಯಾಕಾ ಅನ್ನುತ್ತಾರೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ಆಮೇಲೆ ಮಂಪರು. ಮಲಗಿದವರು ಏಳುವುದಿಲ್ಲ. ನಮ್ಮ ದೇಶದಲ್ಲಿ ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿ ಜೀವ ಹೋದ ಸುದ್ದಿ ಓದುತ್ತೇವಲ್ಲ, ಅದೇ ಅನಿಲ. ನನ್ನ ಮೊದಲ ವರ್ಷ ನಾನೇ ಒಂದು ಸಂಜೆ ಅವಸರಕ್ಕೆ ಮುಚ್ಚಿದ್ದೆ. ಅರ್ಧ ಗಂಟೆಯಲ್ಲಿ ತಲೆ ಸಿಡಿಯಲು ಶುರುವಾಯಿತು. ಪಕ್ಕದ ಮನೆಯ ಅಜ್ಜಿ ಏನೋ ಕೊಡಲು ಬಂದವರು ಒಲೆ ನೋಡಿ, ಪೆಲ್ತಿ ಎಳೆದು, ನನ್ನನ್ನು ಕೈಹಿಡಿದು ಹೊರಗೆ ಕರೆದುಕೊಂಡು ಹೋದರು. ಅವತ್ತಿನಿಂದ ಯಾರಿಗೆ ಕೀಲಿ ಕೊಟ್ಟರೂ ಮೊದಲು ಒಲೆಯ ಮುಂದೆ ಕೂರಿಸುತ್ತೇನೆ.

ನಿಯಮ ಇಷ್ಟು. ಕೆಂಡದ ಮೇಲೆ ಸಣ್ಣ ನೀಲಿ ಜ್ವಾಲೆ ಒಂದೇ ಒಂದು ಕಂಡರೂ ಮುಚ್ಚಬೇಡಿ. ಕಬ್ಬಿಣದ ಕೋಲಿನಿಂದ ಕೆಂಡ ಕೆದಕಿ ನೋಡಿ. ಪೂರ್ತಿ ಕಪ್ಪಾಗಿದ್ದರೆ ಮಾತ್ರ ಮುಚ್ಚಿ. ಅನುಮಾನ ಇದ್ದರೆ ರಾತ್ರಿ ತೆರೆದೇ ಇರಲಿ. ಜುಲೈನಲ್ಲಿ ಸ್ವಲ್ಪ ಬಿಸಿ ಹೋದರೆ ಏನೂ ನಷ್ಟವಿಲ್ಲ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಂಗಡಿಯಲ್ಲಿ ಸಿಗುತ್ತದೆ. ಮಗ ಒಂದು ಕೊಂಡುಕೊಳ್ಳಲಿ. ಬೂದಿಯನ್ನು ಮುಚ್ಚಳ ಇರುವ ತಗಡಿನ ಬಕೆಟ್ಟಿಗೇ ಹಾಕಿ. ತಣ್ಣಗಾಗಿದೆ ಅನ್ನಿಸಿದ ಬೂದಿಯೊಳಗೆ ಮರುದಿನವೂ ಕೆಂಡ ಇರುತ್ತದೆ.

ಬೆಂಕಿ ಹಚ್ಚಲು ಸಣ್ಣಗೆ ಸೀಳಿದ ಚಕ್ಕೆ, ಬರ್ಚ್ ಮರದ ತೊಗಟೆ ಬೇಕು. ಆ ಬಿಳಿ ತೊಗಟೆ ಕಾಗದಕ್ಕಿಂತ ಚೆನ್ನಾಗಿ ಹೊತ್ತಿಕೊಳ್ಳುತ್ತದೆ. ಸೌದೆಗೆ ಅಂಟಿಕೊಂಡಿರುವುದನ್ನು ಸುಲಿದುಕೊಳ್ಳಿ. ನಿಂತ ಮರದಿಂದ ಕೀಳಬಾರದು, ಅದಕ್ಕೆ ಜಾಗದ ಮಾಲೀಕರ ಒಪ್ಪಿಗೆ ಬೇಕು. ಅಂಗಳದಲ್ಲಿ ಬೆಂಕಿ ಹಾಕುವ ಕಲ್ಲಿನ ಗುಂಡಿ ಇರುತ್ತದೆ. ಬೇಸಿಗೆ ಒಣಗಿದ್ದರೆ ಕಾಡ್ಗಿಚ್ಚಿನ ಎಚ್ಚರಿಕೆ ಕೊಡುತ್ತಾರೆ. ಆಗ ಅಲ್ಲಿ ಬೆಂಕಿ ಹಾಕುವಂತಿಲ್ಲ. ಒಳಗಿನ ಒಲೆ, ಸೌನಾ ಹಚ್ಚಬಹುದು.

ಹೂಸ್ಸಿಯ ಬಗ್ಗೆ ನಮ್ಮವರು ಫೋನಿನಲ್ಲಿ ಕೇಳುತ್ತಾರೆ, ಎದುರಿಗೆ ಕೇಳಲು ನಾಚಿಕೆ. ಅದು ಕೂತುಕೊಳ್ಳುವ ಮಾದರಿ, ಆದ್ದರಿಂದ ಮಂಡಿಗೆ ತೊಂದರೆ ಇಲ್ಲ. ಕೆಲವು ಕಡೆ ಮಕ್ಕಳಿಗೆಂದೇ ತಗ್ಗಾದ ಸಣ್ಣ ಜಾಗವೂ ಇರುತ್ತದೆ. ಕೆಳಗೆ ನೀರಿಲ್ಲ. ಪಕ್ಕದಲ್ಲಿ ಒಣ ಪೀಟ್ ಮಣ್ಣು, ತೊಗಟೆ ಪುಡಿ ತುಂಬಿದ ಡಬ್ಬ. ಮುಗಿದ ಮೇಲೆ ಒಂದು ಸೌಟು ಹಾಕಿ ಮುಚ್ಚಳ ಮುಚ್ಚಿದರೆ ಆಯಿತು. ಅದು ಕೊಳೆತು ಗೊಬ್ಬರವಾಗುತ್ತದೆ. ಇಲ್ಲಿ ನಮ್ಮ ಅಭ್ಯಾಸಕ್ಕೂ ಆ ಜಾಗಕ್ಕೂ ಒಂದು ಸಣ್ಣ ಜಗಳ ಇದೆ. ಚೊಂಬು ತುಂಬ ನೀರು ಒಳಗೆ ಸುರಿದರೆ ಗೊಬ್ಬರ ಆಗುವುದು ನಿಲ್ಲುತ್ತದೆ, ವಾಸನೆ ಶುರುವಾಗುತ್ತದೆ. ಹಾಗಂತ ಅಭ್ಯಾಸ ಬಿಡಬೇಕಿಲ್ಲ. ಮೊದಲು ಕಾಗದ, ಆಮೇಲೆ ಸಣ್ಣ ಬಾಟಲಿಯಲ್ಲಿ ತುಸು ನೀರು. ಚೆನ್ನಾಗಿ ತೊಳೆದುಕೊಳ್ಳಬೇಕು ಅಂದರೆ ಸೌನಾದ ಬಚ್ಚಲಿಗೆ ಹೋಗಿ. ಒದ್ದೆ ಟಿಶ್ಯೂ ಒಳಗೆ ಹಾಕಬೇಡಿ, ಅದು ಕೊಳೆಯುವುದಿಲ್ಲ. ಚೆನ್ನಾಗಿ ನೋಡಿಕೊಂಡ ಹೂಸ್ಸಿಯಲ್ಲಿ ಮರದ ವಾಸನೆ ಬಿಟ್ಟರೆ ಬೇರೆ ಇಲ್ಲ. ಜುಲೈ ರಾತ್ರಿಯಲ್ಲಿ ಅಲ್ಲಿಗೆ ಹೋಗಲು ಟಾರ್ಚೂ ಬೇಡ.

ಸೋಪು, ಶಾಂಪೂ ಕೆರೆಗೆ ಬೀಳಬಾರದು. ಪಾತ್ರೆ ತೊಳೆದ ನೀರನ್ನೂ ದಡದಿಂದ ದೂರ, ಮಣ್ಣಿಗೆ ಸುರಿಯಿರಿ. ಇದನ್ನು ನಾನು ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳುತ್ತೇನೆ. ಸೈಮಾದಲ್ಲಿ ಮಾತ್ರ ಬದುಕುವ ಒಂದು ಜಾತಿಯ ಸೀಲ್ ಇದೆ, ನೊರ್ಪ್ಪಾ ಅಂತ. ಹಿಮಯುಗ ಮುಗಿದು ನೆಲ ಮೇಲೆದ್ದಾಗ ಸಮುದ್ರದಿಂದ ಬೇರೆಯಾಗಿ ಇಲ್ಲೇ ಉಳಿದುಬಿಟ್ಟಿತು. ಪ್ರಪಂಚದಲ್ಲಿ ಉಳಿದಿರುವುದು ಕೆಲವೇ ನೂರು. ಬೆಳಿಗ್ಗೆ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿರುವುದು ಅದೃಷ್ಟ ಇದ್ದರೆ ಕಾಣುತ್ತದೆ. ಕಂಡರೆ ದೋಣಿ ಹತ್ತಿರ ಒಯ್ಯಬೇಡಿ.

ನೀರಿನ ಬಣ್ಣ ಚಹಾದ ಹಾಗೆ ಇದ್ದರೆ ಹೆದರಬೇಡಿ. ಅದು ಜೌಗು ಮಣ್ಣಿನ ಬಣ್ಣ, ಕೊಳೆ ಅಲ್ಲ. ಆದರೆ ಬಿಸಿಲಿನ ದಿನಗಳಲ್ಲಿ ದಡದಲ್ಲಿ ಹಸಿರು ಬಣ್ಣ ಚೆಲ್ಲಿದ ಹಾಗೆ ಕಂಡರೆ ಅದು ವಿಷದ ಪಾಚಿ ಇರಬಹುದು. ಆ ನೀರಿಗೆ ಮಗುವನ್ನು ಇಳಿಸಬೇಡಿ, ಸೌನಾ ಕಲ್ಲಿಗೂ ಹಾಕಬೇಡಿ. ಇನ್ನು ಮೊಮ್ಮಗಳಿಗೆ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಎಸ್ಪೊದಿಂದಲೇ ತನ್ನಿ. ದೋಣಿಯಲ್ಲಿ ಮಾತ್ರ ಅಲ್ಲ, ಕಟ್ಟೆಯ ಮೇಲೆ ಆಡುವಾಗಲೂ ಮೈಮೇಲಿರಲಿ. ಬಂಡೆಯ ದಡದಲ್ಲಿ ಎರಡು ಹೆಜ್ಜೆಗೆ ಆಳ ಶುರುವಾಗುತ್ತದೆ. ಮರಳಿನ ದಡ ಇರುವ ಮನೆ ಸಿಕ್ಕರೆ ಇನ್ನೂ ಒಳ್ಳೆಯದು.

ಊಟದ ಬಗ್ಗೆ ಚಿಂತೆ ಬೇಡ. ಗ್ಯಾಸ್ ಒಲೆ ಇರುತ್ತದೆ, ಫ್ರಿಜ್ ಕೂಡ ಬಹಳ ಕಡೆ ಗ್ಯಾಸಿನದೇ. ಮಿಕ್ಸಿ ನಡೆಯುವುದಿಲ್ಲ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಒಂದು ಸಣ್ಣ ಕುಕ್ಕರ್ ಇದ್ದರೆ ವಾರ ಕಳೆಯುತ್ತದೆ. ಇಲ್ಲಿಯ ಪೀಮಾ ಅನ್ನುವುದು ನಮ್ಮ ಮಂದ ಮಜ್ಜಿಗೆ. ಮಜ್ಜಿಗೆ ಹುಳಿಗೆ ಅದೇ ಸಾಕು. ಮೊಸರನ್ನಕ್ಕೆ ಟರ್ಕಿ ಮೊಸರು ಅಂತ ಮಾರುವ ಗಟ್ಟಿ ಮೊಸರು ಸರಿಹೋಗುತ್ತದೆ. ಜುಲೈನಲ್ಲಿ ಮಾರುಕಟ್ಟೆಗೆ ಎಳೆ ಆಲೂಗಡ್ಡೆ, ಹಸಿ ಬಟಾಣಿ, ಸ್ಟ್ರಾಬೆರಿ ರಾಶಿ ಬಿದ್ದಿರುತ್ತವೆ. ಎಳೆ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ, ಬೆಣ್ಣೆ ಮತ್ತು ಸಬ್ಬಸಿಗೆ ಸೊಪ್ಪು ಹಾಕಿ ತಿನ್ನುತ್ತಾರೆ. ನಮ್ಮ ನಾಲಿಗೆಗೆ ಹತ್ತಿರದ ರುಚಿ. ಹಳೆಯ ಅಂಗಳಗಳ ಮೂಲೆಯಲ್ಲಿ ರುಬಾರ್ಬ್ ಗಿಡ ಇದ್ದೇ ಇರುತ್ತದೆ. ಅದರ ಹುಳಿ ದಂಟಿನಲ್ಲಿ ಬೆಲ್ಲ ಹಾಕಿ ಗೊಜ್ಜು ಮಾಡಿ ನೋಡಿ. ಎಲೆ ಮಾತ್ರ ತಿನ್ನಬಾರದು, ವಿಷ. ಕರೇಲಿಯಾ ಸೀಮೆಯ ಪಿರಕ್ಕಾ ಅನ್ನುವ ತಿಂಡಿ ರೈ ಹಿಟ್ಟಿನ ತೆಳು ಹಾಳೆಯೊಳಗೆ ಹಾಲಿನಲ್ಲಿ ಬೆಂದ ಅನ್ನ. ಬಿಸಿ ಮಾಡಿ ತಿನ್ನಿ. ಅದರ ಮೇಲೆ ಹಚ್ಚಿ ಕೊಡುವ ಬೆಣ್ಣೆಯಲ್ಲಿ ಮೊಟ್ಟೆ ಇರುತ್ತದೆ, ಅದು ಬೇಡ ಅನ್ನಿ. ಬಟಾಣಿ ಸೂಪಿನ ಡಬ್ಬಿ ಕೊಳ್ಳುವಾಗಲೂ ಓದಿ ನೋಡಿ, ಸಾಮಾನ್ಯವಾಗಿ ಹಂದಿ ಮಾಂಸ ಸೇರಿಸಿರುತ್ತಾರೆ. ಅಂಗಡಿ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರ ಇರಬಹುದು. ಬರುವ ದಿನವೇ ವಾರದ ಸಾಮಾನು ತಂದುಬಿಡಿ.

ಜುಲೈ ಕೊನೆಗೆ ಕಾಡಿನಲ್ಲಿ ನೆಲದ ಮೇಲೆ ಗೇಣುದ್ದದ ಗಿಡಗಳಲ್ಲಿ ನೀಲಿ ಹಣ್ಣು ತುಂಬಿರುತ್ತವೆ, ಮುಸ್ತಿಕ್ಕಾ ಅಂತ. ಇಲ್ಲಿ ಕಾಡು ಯಾರದೇ ಇರಲಿ, ಯಾರು ಬೇಕಾದರೂ ಕಾಲ್ನಡಿಗೆಯಲ್ಲಿ ಓಡಾಡಬಹುದು, ಹಣ್ಣು ಕಿತ್ತು ತಿನ್ನಬಹುದು. ಅದು ಎಲ್ಲರ ಹಕ್ಕು, ನಿಮ್ಮದೂ ಹೌದು. ಬೇರೆಯವರ ಮನೆಯಂಗಳಕ್ಕೆ ಮಾತ್ರ ಕಾಲಿಡಬಾರದು. ಮೊಮ್ಮಗಳಿಗೆ ಒಂದು ಲೋಟ ಕೊಟ್ಟು ಕೂರಿಸಿ. ಬಾಯಿ, ಕೈ, ಅಂಗಿ ಎಲ್ಲ ನೀಲಿ ಮಾಡಿಕೊಂಡು ಬರುತ್ತಾಳೆ. ನಮ್ಮ ಕೌಳಿ ಹಣ್ಣು, ನೇರಳೆ ಹಣ್ಣಿನ ದಿನ ನೆನಪಾಗುತ್ತದೆ. ಅಣಬೆ ಮಾತ್ರ ಬೇಡ. ಜೀವ ತೆಗೆಯುವ ಬಿಳಿ ಅಣಬೆ ಇಲ್ಲಿ ಬೆಳೆಯುತ್ತದೆ, ಗುರುತಿಸಲು ಬರದವರು ಮುಟ್ಟಬಾರದು.

ಸೊಳ್ಳೆ ಇವೆ, ಸಂಜೆ ಜಾಸ್ತಿ. ತುಂಬು ತೋಳಿನ ತಿಳಿ ಬಣ್ಣದ ಬಟ್ಟೆ ಹಾಕಿ, ಇಲ್ಲಿಯ ಅಂಗಡಿಯದೇ ಮುಲಾಮು ಹಚ್ಚಿ. ಹುಲ್ಲಿನಲ್ಲಿ ಉಣ್ಣೆ ಹುಳ ಇರುತ್ತದೆ. ರಾತ್ರಿ ಮಗುವಿನ ಮಂಡಿ ಹಿಂದೆ, ಕಿವಿ ಹಿಂದೆ, ತಲೆಯಲ್ಲಿ ನೋಡಿ. ಕಚ್ಚಿಕೊಂಡಿದ್ದರೆ ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ಎಳೆಯಿರಿ. ಇಲ್ಲಿಯ ಒಂದೇ ವಿಷದ ಹಾವು ಕ್ಯೂ. ತಾನಾಗಿ ಬಂದು ಕಚ್ಚುವುದಿಲ್ಲ. 2023ರಿಂದ ಅದನ್ನು ಕೊಲ್ಲುವುದು ಕಾನೂನಿಗೆ ವಿರುದ್ಧ. ಸೌದೆ ರಾಶಿಗೆ ಹೋಗುವಾಗ ರಬ್ಬರ್ ಬೂಟು ಹಾಕಿಕೊಂಡರೆ ಸಾಕು. ಯಾವ ತುರ್ತಿಗೂ ನಂಬರ್ 112. ಇಂಗ್ಲಿಷಿನಲ್ಲೂ ಮಾತಾಡಬಹುದು. ಎಲ್ಲರ ಫೋನಿನಲ್ಲೂ 112 ಸುವೊಮಿ ಅನ್ನುವ ಆ್ಯಪ್ ಹಾಕಿಸಿ. ಅದರಿಂದ ಕರೆ ಮಾಡಿದರೆ ನೀವು ಇರುವ ಜಾಗ ಅವರಿಗೆ ತಿಳಿಯುತ್ತದೆ. ಮೊಕ್ಕಿಯ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ. ಮಗ ಅಂಗಡಿಗೆ ಹೋದಾಗ ನೀವಿಬ್ಬರೇ ಇರುತ್ತೀರಿ, ಅಲ್ವಾ?

ಮನೆಯವರಿಗೆ ಇನ್ನೂ ಅನುಮಾನ ಇದ್ದರೆ, ಮೊದಲು ಹೆಲ್ಸಿಂಕಿಯಲ್ಲಿ ಸೆಉರಸಾರಿ ಅನ್ನುವ ದ್ವೀಪಕ್ಕೆ ಕರೆದುಕೊಂಡು ಹೋಗಿ. ಎಸ್ಪೊದಿಂದ ಹತ್ತಿರ. 1909ರಲ್ಲಿ ಶುರುವಾದ ಬಯಲು ಮ್ಯೂಸಿಯಂ ಅದು. ದೇಶದ ಬೇರೆ ಬೇರೆ ಕಡೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದ್ದಾರೆ. ಅದರಲ್ಲಿ ಮೊದಲು ಬಂದದ್ದು ಕೊಂಗಿನ್‌ಕಂಗಾಸ್ ಊರಿನ ನಿಯೆಮೆಲಾ ಅನ್ನುವ ಬಡ ಗೇಣಿದಾರರ ಅಂಗಳ. ಮಸಿ ಹಿಡಿದ ಗೋಡೆ, ಒಲೆ, ಸುತ್ತಲಿನ ಪುಟ್ಟ ಕಟ್ಟಡಗಳನ್ನು ನೋಡುತ್ತಾ ಅವರು ಅರ್ಧ ಗಂಟೆ ಅಡ್ಡಾಡಲಿ. ಆ ಅಂಗಳ ಹಿಡಿಸಿದರೆ ಮೊಕ್ಕಿಯೂ ಹಿಡಿಸುತ್ತದೆ. ಹಿಡಿಸದಿದ್ದರೆ ನಲ್ಲಿ, ಒಳಗೇ ಶೌಚಾಲಯ ಇರುವ ಮೊಕ್ಕಿಗಳು ಬೇಕಾದಷ್ಟಿವೆ. ಅದನ್ನೇ ಹಿಡಿಯಿರಿ, ಕೆರೆ ಅದೇ, ಸೌನಾ ಅದೇ.

ಕೊನೆಗೆ ದೇವರ ದೀಪ. ಧಾರಾಳವಾಗಿ ಹಚ್ಚಬಹುದು. ಮನೆ ಪೂರ್ತಿ ಮರ, ಅದೂ ನೂರು ವರ್ಷ ಒಣಗಿದ ಮರ ಅನ್ನುವುದು ನೆನಪಿರಲಿ. ಒಂದು ಸ್ಟೀಲ್ ತಟ್ಟೆಗೆ ತೆಳುವಾಗಿ ನೀರು ಹಾಕಿ, ನಡುವೆ ದೀಪ ಇಡಿ. ಕಿಟಕಿಯ ಪರದೆಯ ಹತ್ತಿರ ಬೇಡ. ದೊಡ್ಡ ಒಲೆಯ ಮುಂದೆ ಬೆಂಕಿಯ ಕಿಡಿ ಸಿಡಿಯದಿರಲಿ ಅಂತ ನೆಲಕ್ಕೆ ತಗಡು ಹೊಡೆದಿರುತ್ತಾರೆ, ಅಲ್ಲೇ ಇಟ್ಟರೆ ಎಲ್ಲಕ್ಕಿಂತ ಕ್ಷೇಮ. ಎಣ್ಣೆ ತುಸುವೇ ಹಾಕಿ. ಮಂಗಳಾರತಿ ಮುಗಿದು, ದೀಪ ಶಾಂತವಾಗುವ ತನಕ ಒಬ್ಬರು ಅಲ್ಲೇ ಕೂತಿರಿ. ಊದುಬತ್ತಿಯನ್ನು ಹೊರಗೆ ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ, ಒಂದು ಲೋಟ ಮರಳಿನಲ್ಲಿ ಸಿಕ್ಕಿಸಿ. ಒಳಗೆ ಹಚ್ಚಿದರೆ ಸೂರಿನಲ್ಲಿರುವ ಹೊಗೆ ಅಲಾರಂ ಕೂಗುತ್ತದೆ. ಬತ್ತಿ ಮಾತ್ರ ದಾವಣಗೆರೆಯಿಂದಲೇ ತನ್ನಿ, ಇಲ್ಲಿಯ ಹಳ್ಳಿ ಅಂಗಡಿಯಲ್ಲಿ ಸಿಗುವುದಿಲ್ಲ.